ಜಗಲಿ ಇರುವ ಬೀದಿ
ಹತ್ತು ವರ್ಷ ಮಲ್ಲೇಶ್ವರದಲ್ಲಿದ್ದು ಈಗ ಚಿಕ್ಕಮಗಳೂರಿಗೆ ವಾಪಸ್ ಬಂದಿದ್ದೇನೆ. ಅಲ್ಲಿ ವಿಳಾಸ ಅಂದರೆ ನಂಬರ್. ಎಂಟನೇ ಕ್ರಾಸ್, ಹದಿನೈದನೇ ಕ್ರಾಸ್. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ, ಜನಕ್ಕೆ ಗಾಳಿ ಬೆಳಕು ಸಿಗಲಿ ಅಂತ ಬಸವನಗುಡಿಯ ಹಾಗೇ ಅಳತೆ ಹಾಕಿ ಬೆಳೆಸಿದ ಬಡಾವಣೆ ಅದು. ಬೀದಿಗಳು ನೇರ. ನನಗೆ ತುಂಬಾ ಇಷ್ಟದ ಜಾಗ. ಸಂಪಿಗೆ ರಸ್ತೆಯ ಸಂಜೆಗಳು ಈಗಲೂ ನೆನಪಾಗುತ್ತವೆ.

ನಮ್ಮೂರಿನ ರೀತಿಯೇ ಬೇರೆ. ನಿನ್ನೆ ಬಸವನಹಳ್ಳಿ ಕಡೆ ಒಬ್ಬರ ಮನೆ ಹುಡುಕುತ್ತಿದ್ದೆ. ಜಗಲಿ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯನ್ನು ಕೇಳಿದೆ. ದಾರಿ ಹೇಳುವ ಮೊದಲು, "ನೀನ್ ಯಾರ ಮನೆ ಹುಡುಗ ಮಗಾ?" ಅಂದರು. ಅಪ್ಪನ ಹೆಸರು ಹೇಳಿದೆ. ಕೈ ನಿಂತಿತು. ಮುಖ ಎತ್ತಿ ನೋಡಿ, "ಹಂಗಾದ್ರೆ ಕೂತ್ಕೋ, ಕಾಫಿ ಕುಡ್ದು ಹೋಗು" ಅಂದರು. ದಾರಿ ಗೊತ್ತಾಗಿದ್ದು ಅರ್ಧ ಗಂಟೆ ಆದಮೇಲೆ.

ಹಿರೇಮಗಳೂರಿಗೂ ಹೋಗಿದ್ದೆ. ಕೋದಂಡರಾಮನ ಗುಡಿಯಲ್ಲಿ ಪೂಜೆ ಕನ್ನಡದಲ್ಲೇ ನಡೆಯುತ್ತದೆ, ಗೊತ್ತಲ್ವಾ? ಪಟ್ಟಣ ಅಲ್ಲಿವರೆಗೂ ಬೆಳೆದಿದೆ. ಆದರೂ ಅದಕ್ಕೆ ಹಳ್ಳಿಯ ನಿಧಾನ ಇನ್ನೂ ಉಳಿದಿದೆ.

ಬೇಜಾರಾಗಿದ್ದು ಹೊಸ ಬಡಾವಣೆ ನೋಡಿ. ಮನೆಗಳು ಚೆನ್ನಾಗಿವೆ, ಆದರೆ ಕಾಂಪೌಂಡು ಆಳೆತ್ತರ, ಗೇಟಿಗೆ ಬೀಗ. ಜಗಲಿಯೇ ಇಲ್ಲ. ಆ ಅಜ್ಜಿ ಅಲ್ಲಿದ್ದಿದ್ದರೆ ಎಲ್ಲಿ ಕೂರುತ್ತಿದ್ದರು?

ಹೊರಡುವಾಗ ಅವರು ಕವರಿಗೆ ತುಂಬಿ ಕೊಟ್ಟ ಅವರೆಕಾಯಿಯನ್ನು ಬೆಳಿಗ್ಗೆ ಸುಲಿದು ಉಪ್ಪಿಟ್ಟಿಗೆ ಹಾಕಿದೆ. ಸೊಗಡು ಇನ್ನೂ ಕೈಯಲ್ಲೇ ಇದೆ.