ಸರ್ವರ್ ಒಂದೇ, ಹೊಗೆ ಬೇರೆ

ಡಿಜಿಟಲ್ ವ್ಯವಹಾರ ಬೆಳೆದರೆ ಒಂದು ಪ್ರದೇಶದ ಇಂಗಾಲ ಹೊರಸೂಸುವಿಕೆ ಏರುತ್ತದೋ ಇಳಿಯುತ್ತದೋ? ಆ ವ್ಯವಹಾರ ನಡೆಸುವ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ಕರೆಂಟ್ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ನೋಡಿ.

1 ಮೆಗಾವ್ಯಾಟ್ ಸರ್ವರ್ ಹೊರೆಯ ಡೇಟಾ ಸೆಂಟರ್ ತೆಗೆದುಕೊಳ್ಳೋಣ. ಪಿಯುಇ, ಅಂದರೆ ಸೆಂಟರ್‌ನ ಒಟ್ಟು ವಿದ್ಯುತ್ತನ್ನು ಸರ್ವರ್ ಬಳಸುವ ವಿದ್ಯುತ್ತಿನಿಂದ ಭಾಗಿಸಿದ ಸಂಖ್ಯೆ, 1.5 ಇದ್ದರೆ, ಸರ್ವರ್ ತಿನ್ನುವ ಪ್ರತಿ ಯೂನಿಟ್‌ಗೆ ಎಸಿ, ಯುಪಿಎಸ್ ನಷ್ಟ ಇತ್ಯಾದಿ ಸೇರಿ ಇನ್ನರ್ಧ ಯೂನಿಟ್ ಖರ್ಚು. 8,760 ಗಂಟೆಗೆ ಗುಣಿಸಿದರೆ ವರ್ಷಕ್ಕೆ 1.31 ಕೋಟಿ ಯೂನಿಟ್. ಕಲ್ಲಿದ್ದಲೇ ಮುಖ್ಯವಾದ ಗ್ರಿಡ್‌ನಲ್ಲಿ ಯೂನಿಟ್‌ಗೆ 0.9 ಕಿಲೋ ಹಿಡಿದರೆ ಸುಮಾರು 11,800 ಟನ್ ಇಂಗಾಲದ ಡೈಆಕ್ಸೈಡ್. 0.05 ಕಿಲೋದ ಜಲವಿದ್ಯುತ್ ಗ್ರಿಡ್‌ನಲ್ಲಾದರೆ 660 ಟನ್ನೂ ಆಗದು. ಸೇವೆ ಬಳಸುವವರು ಬೇರೆಲ್ಲೋ ಇರುತ್ತಾರೆ. ಹೊಗೆ ಮಾತ್ರ ವಿದ್ಯುತ್ ಸ್ಥಾವರದ ಪ್ರದೇಶದ ಖಾತೆಗೆ.

ಪಿಯುಇ ಒಂದನ್ನೇ ನಂಬಬೇಡಿ. ಎಸಿ ಉಳಿಸಲು ಕೋಣೆಯ ಉಷ್ಣತೆ ಜಾಸ್ತಿ ಮಾಡಿದರೆ ಸರ್ವರ್ ಒಳಗಿನ ಫ್ಯಾನ್‌ಗಳು ಜೋರಾಗಿ ತಿರುಗುತ್ತವೆ. ಆ ಕರೆಂಟ್ ಸರ್ವರ್ ಹೊರೆಯಲ್ಲೇ ಸೇರುವುದರಿಂದ ಪಿಯುಇ ಇಳಿದಂತೆ ಕಾಣುತ್ತದೆ, ಮೀಟರ್ ಏರಿದ್ದರೂ!

ಇನ್ನು ಹಸಿರು ವಿದ್ಯುತ್ತಿನ ಪ್ರಮಾಣಪತ್ರ. ಎಲ್ಲೋ ಮಧ್ಯಾಹ್ನ ಹುಟ್ಟಿದ ಸೌರ ವಿದ್ಯುತ್ತಿನ ಪತ್ರ ಕೊಂಡು ರಾತ್ರಿಯ ಬಳಕೆಯ ಹೊಗೆಯನ್ನು ಸೊನ್ನೆ ಅಂತ ತೋರಿಸಬಹುದು. ಪ್ರದೇಶದ ಲೆಕ್ಕಕ್ಕೆ ಅದು ಬೇಡ. ಸ್ಥಳೀಯ ಗ್ರಿಡ್‌ನಲ್ಲಿ ಯೂನಿಟ್‌ಗೆ ಎಷ್ಟು ಹೊಗೆ ಅನ್ನುವ ಗಂಟೆವಾರು ಅಂಕಿಯನ್ನೇ ಹಿಡಿಯಿರಿ.