‘ಆರಾಮಾ?’ ಅಂತ ಕೇಳಿದರೆ ನಿಜ ಹೊರಡುವುದಿಲ್ಲ

ಬೆಂಗಳೂರಿನಿಂದ ಟ್ರೆಕ್ಕಿಂಗ್ ತಂಡಗಳನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಕುಮಾರಪರ್ವತಕ್ಕೂ ಹೋಗುತ್ತೇನೆ, ನೇಪಾಳದ ಅನ್ನಪೂರ್ಣ ಸರ್ಕ್ಯೂಟ್‌ಗೂ ಹೋಗುತ್ತೇನೆ. ಕುಮಾರಪರ್ವತದಲ್ಲಿ ಸುಸ್ತಾದವರು ತಾವೇ ಹೇಳುತ್ತಾರೆ, ಬೈಯುತ್ತಲೂ ಹೇಳುತ್ತಾರೆ. ಅನ್ನಪೂರ್ಣದಲ್ಲಿ, ಗಾಳಿ ತೆಳುವಾದ ಎತ್ತರಕ್ಕೆ ಮೈ ಒಗ್ಗದೆ ಬರುವ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಅಲ್ಲಿ ನನ್ನ ಕೆಲಸದ ಮುಕ್ಕಾಲು ಪಾಲು ಈ ಮುಚ್ಚಿಟ್ಟಿದ್ದನ್ನು ಹೊರಗೆ ತೆಗೆಯುವುದೇ.

ದಾರಿ ಹೀಗಿದೆ. ಬೆಸಿಸಹರ್ ಸುಮಾರು 760 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮರ್ಸ್ಯಾಂಗ್ದಿ ನದಿ ಹಿಡಿದು ಚಾಮೆ, ಪಿಸಾಂಗ್, ಮನಾಂಗ್. ಆಮೇಲೆ ಯಾಕ್ ಖರ್ಕಾ, ಥೊರೊಂಗ್ ಫೇದಿ, ಮತ್ತೆ 5,416 ಮೀಟರ್ ಎತ್ತರದ ಥೊರೊಂಗ್ ಲಾ ಪಾಸ್, ಅಂದರೆ ಬೆಟ್ಟ ದಾಟುವ ಜಾಗ. ದಾಟಿ ಇಳಿದರೆ ಮುಕ್ತಿನಾಥ, ಕಾಳಿ ಗಂಡಕಿ, ಜೋಮ್‌ಸೋಮ್. ಹೆಚ್ಚುಕಡಿಮೆ ಎಲ್ಲರೂ ಈ ಸುತ್ತನ್ನು ಅಪ್ರದಕ್ಷಿಣವಾಗಿಯೇ ಹಾಕುತ್ತಾರೆ. ನಮ್ಮ ತಂಡದ ಹಿರಿಯರು ಇದಕ್ಕೆ ಮುಖ ಸಿಂಡರಿಸುವುದುಂಟು. ಆದರೆ ಕಾರಣ ಇದೆ. ಮುಕ್ತಿನಾಥದ ಕಡೆಯಿಂದ ಹೊರಟರೆ ಒಂದೇ ದಿನಕ್ಕೆ ಸುಮಾರು 1,600 ಮೀಟರ್ ಹತ್ತಬೇಕು. ಮನಾಂಗ್ ಕಡೆಯಿಂದಾದರೆ ನಡುನಡುವೆ ಮಲಗಲು ಊರುಗಳಿವೆ, ದೇಹ ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ.

ಈಗ ಮನಾಂಗ್‌ವರೆಗೂ ಜೀಪ್ ಹೋಗುತ್ತದೆ. ‘ಸುಮ್ನೆ ಯಾಕೆ ನಡೀಬೇಕು, ಜೀಪಲ್ಲಿ ಹೋದ್ರೆ ರಜೆ ಉಳಿಯುತ್ತೆ ಅಲ್ವಾ?’ ಅಂತ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಮನಾಂಗ್ ಇರುವುದು 3,540 ಮೀಟರಿನಲ್ಲಿ. 760ರಿಂದ ಅಲ್ಲಿಗೆ ಒಂದೇ ದಿನಕ್ಕೆ ಹೋಗುವುದು ನನಗಂತೂ ಇಷ್ಟವಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಪರ್ವತದ ವೈದ್ಯರು ಹೇಳುವ ಲೆಕ್ಕ ಇದು.

ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆ. ಆದರೂ ರಾತ್ರಿ ಊಟದ ಮೇಜಿನಲ್ಲಿ ‘ಎಲ್ಲರೂ ಆರಾಮಾ?’ ಅಂದರೆ ‘ಸೂಪರ್ ಸರ್’ ಅನ್ನುತ್ತಾರೆ. ಯಾಕಂದರೆ ರಜೆಗೆ ಮ್ಯಾನೇಜರ್ ಕಾಲು ಹಿಡಿದಿರುತ್ತಾರೆ. ಆಫೀಸಿನಲ್ಲಿ ಎಲ್ಲರಿಗೂ ಹೇಳಿ ಬಂದಿರುತ್ತಾರೆ. ಇನ್ನು ಕೆಲವರದು ಸಂಕೋಚ, ‘ನನ್ನಿಂದ ಬೇರೆಯವರಿಗೆ ತೊಂದರೆ ಆಗಬಾರದು’ ಅಂತ. ಈ ಸಂಕೋಚದವರ ಮೇಲೇ ನಾನು ಜಾಸ್ತಿ ಕಣ್ಣಿಡುತ್ತೇನೆ.

ಈ ಎತ್ತರದ ಕಾಯಿಲೆ ಅಳೆಯಲು ಲೇಕ್ ಲೂಯಿಸ್ ಸ್ಕೋರ್ ಅಂತ ಒಂದು ಫಾರಂ ಇದೆ. ತಲೆನೋವು, ಹೊಟ್ಟೆ ತೊಳೆಸುವುದು, ಸುಸ್ತು, ತಲೆಸುತ್ತು, ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ತಲೆನೋವೂ ಇದ್ದು ಒಟ್ಟು ಮೂರು ಅಥವಾ ಹೆಚ್ಚು ಬಂದರೆ ಎತ್ತರದ ಕಾಯಿಲೆ ಶುರುವಾಗಿದೆ ಅಂತ ಲೆಕ್ಕ, ಮೇಲೆ ಹತ್ತುವ ಹಾಗಿಲ್ಲ. ಫಾರಂ ಚೆನ್ನಾಗಿದೆ. ಆದರೆ ಎಲ್ಲರೆದುರು ಓದಿದರೆ ಎಲ್ಲರದೂ ಸೊನ್ನೆ.

ಅದಕ್ಕೆ ನಾನು ಒಬ್ಬೊಬ್ಬರನ್ನೇ ಹಿಡಿಯುತ್ತೇನೆ, ಬಾಟಲಿಗೆ ನೀರು ತುಂಬಿಸುವಾಗಲೋ ಒಲೆ ಹತ್ತಿರ ಕೂತಾಗಲೋ. ‘ತಲೆನೋವಿದೆಯಾ?’ ಅಂತ ಕೇಳುವುದಿಲ್ಲ. ‘ತಲೆಭಾರ ನಿನ್ನೆಗಿಂತ ಜಾಸ್ತಿನಾ ಕಡಿಮೆನಾ?’ ಅನ್ನುತ್ತೇನೆ. ಆ ಎತ್ತರದಲ್ಲಿ ಸ್ವಲ್ಪ ಭಾರ ಬಹಳ ಜನಕ್ಕೆ ಇರುತ್ತದೆ, ಹಾಗಾಗಿ ಒಪ್ಪಿಕೊಳ್ಳಲು ನಾಚಿಕೆ ಆಗುವುದಿಲ್ಲ. ಮಧ್ಯಾಹ್ನದಿಂದ ಎಷ್ಟು ಸಲ ಮೂತ್ರಕ್ಕೆ ಹೋದಿರಿ ಅಂತಲೂ ಕೇಳುತ್ತೇನೆ. ಮೊದಲ ದಿನ ನಗುತ್ತಾರೆ, ಆಮೇಲೆ ಲೆಕ್ಕ ಇಟ್ಟುಕೊಂಡು ಬರುತ್ತಾರೆ. ಊಟ ನೋಡಿದರೂ ತಿಳಿಯುತ್ತದೆ. ದಾಲ್ ಭಾತ್ ಕೇಳಿದಷ್ಟು ಬಡಿಸುತ್ತಾರೆ. ದಿನವಿಡೀ ನಡೆದವರು ಎರಡನೇ ಸಲ ಅನ್ನ ಬೇಡ ಅಂದರೆ ಏನೋ ಇದೆ ಅಂತ ಅರ್ಥ. ಸಂಶಯ ಬಂದರೆ ಅಂಗಳದಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡೆಸುತ್ತೇನೆ. ಓಲಾಡಿದರೆ ಕಾಯಿಲೆ ಮೆದುಳಿಗೆ ತಟ್ಟಿದೆ ಅಂತ ಲೆಕ್ಕ, ಮಾತಿಲ್ಲ, ಕತ್ತಲಾಗಿದ್ದರೂ ಇಳಿಸಲೇಬೇಕು.

ಒಮ್ಮೆ ಮೈಸೂರಿನ ನಿವೃತ್ತ ಟೀಚರ್ ಒಬ್ಬರು ಬಂದಿದ್ದರು. ಮನೆಯಲ್ಲಿ ಸಾಲಿಗ್ರಾಮ ಪೂಜೆ. ಸಾಲಿಗ್ರಾಮ ಸಿಗುವ ಕಾಳಿ ಗಂಡಕಿಯನ್ನೂ ಮುಕ್ತಿನಾಥನನ್ನೂ ನೋಡಬೇಕೆನ್ನುವುದು ಅವರ ಬಹಳ ದಿನದ ಆಸೆ. ಯಾಕ್ ಖರ್ಕಾದಲ್ಲಿ ರಾತ್ರಿ ವಾಂತಿ ಮಾಡಿಕೊಂಡು, ‘ಹೇಳಬೇಡಮ್ಮ’ ಅಂತ ಪಕ್ಕದಲ್ಲಿ ಮಲಗಿದ್ದ ಹುಡುಗಿಯ ಹತ್ತಿರ ಆಣೆ ಹಾಕಿಸಿಕೊಂಡಿದ್ದರು. ಹುಡುಗಿ ಬೆಳಿಗ್ಗೆ ಬಂದು ಹೇಳಿದಳು, ಪುಣ್ಯ.

‘ನೋಡಪ್ಪ, ಇಷ್ಟು ದೂರ ಬಂದು ಮುಕ್ತಿನಾಥನ್ನ ನೋಡದೆ ಹೋಗೋದಾ?’ ಅಂದರು.

‘ನೋಡಿಯೇ ಹೋಗ್ತೀರಮ್ಮ. ಪಾಸ್ ದಾಟಲೇಬೇಕು ಅಂತೇನಿಲ್ಲ, ಪೋಖರಾದಿಂದ ಜೀಪ್ ಹೋಗುತ್ತೆ’ ಅಂದೆ.

ಸಹಾಯಕ ಗೈಡ್ ಜೊತೆ ಇಳಿದರು. ಕೆಳಗೆ ಹೋದ ಮೇಲೆ ಚೇತರಿಸಿಕೊಂಡು, ಪೋಖರಾದಿಂದ ಸುತ್ತು ಹಾಕಿ ದರ್ಶನ ಮಾಡಿಕೊಂಡು ಬಂದರು. ನನಗೆ ಆಗ ಹೊಳೆದದ್ದು ಬೇರೆ. ಅವರು ಹೊರಡುವ ಮೊದಲು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ‘ಜೀಪಿಗೆ ನಾನೇ ಕೊಡಬೇಕಾ?’ ಆಗಿನ ನಿಯಮದ ಪ್ರಕಾರ ಹೌದು. ಅರ್ಧಕ್ಕೆ ಇಳಿದವರ ಜೀಪ್, ರೂಮು, ಗೈಡ್ ಖರ್ಚು ಅವರದೇ. ನಿಜ ಹೇಳಿದವರಿಗೆ ದಂಡ ಹಾಕಿ, ಮತ್ತೆ ನಿಜ ಹೇಳಿ ಅಂತ ಭಾಷಣ ಮಾಡುತ್ತಿದ್ದೆವು!

ಮಾಲೀಕರ ಜೊತೆ ಜಗಳವೇ ಆಯಿತು. ಕೊನೆಗೆ ಎಲ್ಲರ ಶುಲ್ಕದಲ್ಲೂ ಸ್ವಲ್ಪ ಸೇರಿಸಿ, ಇಳಿಯುವವರ ಖರ್ಚಿಗೆ ಎತ್ತಿಟ್ಟೆವು. ಹಾಗೇ ಒಂದು ದಿನ ಹೆಚ್ಚುವರಿ ಇಟ್ಟೆವು. ದಿನ ಉಳಿದಿಲ್ಲ ಅಂದರೆ ಜನ ಕೆಟ್ಟ ಹವೆಯಲ್ಲೂ ಹೊರಡುತ್ತಾರೆ. 2014ರ ಅಕ್ಟೋಬರಿನಲ್ಲಿ ಹುಡ್‌ಹುಡ್ ಚಂಡಮಾರುತದ ಬಾಲ ನೇಪಾಳಕ್ಕೆ ಬಂದು ಹಿಮ ಸುರಿದಾಗ, ಆ ಭಾಗದ ಪರ್ವತಗಳಲ್ಲಿ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಸತ್ತವರಲ್ಲಿ ಹಲವರು ಥೊರೊಂಗ್ ಲಾ ಹತ್ತಿರ ಸಿಕ್ಕಿಬಿದ್ದವರು. ಅಕ್ಟೋಬರ್ ಅಂದರೆ ಅಲ್ಲಿ ಒಳ್ಳೆಯ ಹವೆಯ ತಿಂಗಳು.

ಈಗ ಬೆಂಗಳೂರಿನ ಮೊದಲ ಮೀಟಿಂಗ್‌ನಲ್ಲೇ ಈ ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಕ್ಲಿನಿಕ್ ಇದೆ, ಸೀಸನ್ನಿನಲ್ಲಿ ಡಾಕ್ಟರು ಎತ್ತರದ ಕಾಯಿಲೆ ಬಗ್ಗೆ ಮಾತಾಡುತ್ತಾರೆ. ಎಲ್ಲರನ್ನೂ ಕೂರಿಸುತ್ತೇನೆ. ಮಾತು ಮುಗಿದ ಮೇಲೆ ಒಬ್ಬರಾದರೂ ಮೆಲ್ಲಗೆ ಬಂದು, ‘ಸರ್, ನಿನ್ನೆಯಿಂದ ಸ್ವಲ್ಪ...’ ಅಂತ ಶುರು ಮಾಡುತ್ತಾರೆ. ಅಂಥವರಿಗೆ ಅಲ್ಲೇ ಇನ್ನೊಂದು ದಿನ ವಿಶ್ರಾಂತಿ ಕೊಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಈಗಲೂ ಜಗಳ ಇದೆ. ಫೇದಿಯಲ್ಲಿ ಪಾಸ್ ದಾಟಿಸಲು ಕುದುರೆ ಸಿಗುತ್ತದೆ. ತಲೆನೋವಿರುವವರು ‘ಕುದುರೆ ಮೇಲೆ ಹೋಗ್ತೀನಿ ಬಿಡಿ’ ಅನ್ನುತ್ತಾರೆ. ಮಂಡಿನೋವಾದರೆ ಖುಷಿಯಿಂದ ಕುದುರೆ ಮಾಡಿಸಿಕೊಡುತ್ತೇನೆ. ತಲೆನೋವಿಗೆ ಇಲ್ಲ. ಕುದುರೆ ಹೊತ್ತುಕೊಂಡು ಹೋದರೂ ಸೇರುವುದು ಅದೇ 5,416 ಮೀಟರಿಗೆ. ಅಲ್ಲದೆ ನಸುಕಿನ ಚಳಿಯಲ್ಲಿ ಅಲುಗಾಡದೆ ಕೂತವರು ನಡೆಯುವವರಿಗಿಂತ ಬೇಗ ಮರಗಟ್ಟುತ್ತಾರೆ. ಬೇಜಾರು ಮಾಡಿಕೊಂಡು ಬೈದವರಿದ್ದಾರೆ, ಬೈಯಲಿ.