ಸರ್ಫೇಸ್ ಮಾಡೆಲ್ ಕೈಗೆ ಬಂದ ಕೂಡಲೇ ಕತ್ತರಿ ಹಾಕಬೇಡಿ

ಸ್ಟೈಲಿಂಗ್ ಮಾಡುವವರಿಂದ ಒಂದು ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್ ಸಾಫ್ಟ್‌ವೇರ್‌ಗಳಲ್ಲಿ ತೆರೆಯುವ 3ಡಿ ಮಾಡೆಲ್ ಫೈಲ್) ಬರುತ್ತದೆ. ರಿಮೋಟ್‌ದೋ ಮೌಸ್‌ದೋ ಹೊರಮೈ, ನೋಡೋಕೆ ಚೆಂದ. ಆದರೆ ಬರೀ ಸರ್ಫೇಸ್, ದಪ್ಪ ಅನ್ನೋದೇ ಇಲ್ಲ. ಇದನ್ನ ಮೇಲಿನ ಕವರ್, ಕೆಳಗಿನ ಕವರ್, ಬ್ಯಾಟರಿ ಡೋರ್ ಅಂತ ಬೇರೆ ಮಾಡಿ ಕೊಡಿ, 3ಡಿ ಪ್ರಿಂಟ್ ಹಾಕಿ ನೋಡಬೇಕು ಅನ್ನುತ್ತಾರೆ.

ಆಗ ತುಂಬಾ ಜನ ಸರ್ಫೇಸನ್ನೇ ಎರಡು ತುಂಡು ಮಾಡಿ, ಆಮೇಲೆ ಒಂದೊಂದಕ್ಕೂ ಥಿಕನ್ (ಸರ್ಫೇಸಿಗೆ ದಪ್ಪ ಕೊಡುವ ಕಮಾಂಡ್) ಕೊಡುತ್ತಾರೆ. ಸುಲಭ ಅನ್ನಿಸುತ್ತದೆ, ಅಲ್ವಾ? ತೊಂದರೆ ಇರುವುದೇ ಅಲ್ಲಿ. ಥಿಕನ್ ದಪ್ಪ ಕೊಡುವುದು ಸರ್ಫೇಸಿಗೆ ಲಂಬವಾಗಿ, ನಿಮ್ಮ ಪಾರ್ಟಿಂಗ್ ಲೈನ್ (ಎರಡು ಕವರ್ ಸೇರುವ ಗೆರೆ) ಎಲ್ಲಿದೆ ಅಂತ ಅದಕ್ಕೇನು ಗೊತ್ತು? ಮೇಲಿನ ಕವರ್‌ನ ಗೋಡೆ 30 ಡಿಗ್ರಿ ಒಳಕ್ಕೆ ವಾಲಿದೆ, ದಪ್ಪ 2 ಮಿಮೀ ಅಂದುಕೊಳ್ಳಿ. ಅದರ ಒಳ ಅಂಚು ಪಾರ್ಟಿಂಗ್ ಪ್ಲೇನ್‌ಗಿಂತ 1 ಮಿಮೀ ಕೆಳಗೆ ಇಳಿದಿರುತ್ತದೆ. ಕೆಳಗಿನ ಕವರ್ ಕೂಡ ಹಾಗೇ ಒಳಕ್ಕೆ ವಾಲಿದ್ದರೆ ಅದರ ಅಂಚು 1 ಮಿಮೀ ಮೇಲೆ ಬಂದಿರುತ್ತದೆ. ಹೊರಗಿನಿಂದ ಎಲ್ಲ ಸರಿಯಾಗೇ ಕಾಣುತ್ತದೆ, ಸೆಕ್ಷನ್ (ಮಾಡೆಲನ್ನು ಕೊಯ್ದು ಒಳಗೆ ತೋರಿಸುವ ನೋಟ) ತೆಗೆದು ನೋಡಿದರೆ ಎರಡೂ ಒಂದರೊಳಗೊಂದು ನುಗ್ಗಿ ಕೂತಿರುತ್ತವೆ.

ಅದಕ್ಕೇ ನಾನು ಮೊದಲು ಇಡೀ ಮಾಡೆಲನ್ನು ಒಂದೇ ಸಾಲಿಡ್ (ಒಳಗೂ ತುಂಬಿದ ಗಟ್ಟಿ ಬಾಡಿ) ಮಾಡಿಕೊಳ್ಳುತ್ತೇನೆ. ನೀರು ತುಂಬಿದರೆ ಎಲ್ಲೂ ಸೋರಬಾರದು, ಹಾಗಿರಬೇಕು. ನಾನು ಬಳಸುವುದು ಫ್ಯೂಷನ್ ಅನ್ನೋ ಕ್ಯಾಡ್ ಸಾಫ್ಟ್‌ವೇರ್. ಅದರಲ್ಲಿ ಸರ್ಫೇಸ್‌ಗಳ ಅಂಚು ಹೊಲಿಯುವ ಸ್ಟಿಚ್ ಕೊಟ್ಟರೆ ಸೇರಿಕೊಳ್ಳುವ ಅಂಚು ಹಸಿರು, ಬಿಟ್ಟುಹೋದ ಅಂಚು ಕೆಂಪು. ಕೆಂಪು ಕಂಡರೆ ಸುಮ್ನೆ ಟಾಲರೆನ್ಸ್ (ಎಷ್ಟು ಸಂದಿ ಇದ್ದರೂ ಸೇರಿಸಬಹುದು ಅನ್ನೋ ಮಿತಿ) ಏರಿಸಿ ಸೇರಿಸಿಬಿಡೋಣ ಅನ್ನಿಸುತ್ತದೆ, ಬೇಡ, ಆ ಸಂದಿ ಎಲ್ಲೂ ಹೋಗಿರುವುದಿಲ್ಲ, ಮುಂದೆ ಒಳಗೆ ಟೊಳ್ಳು ಮಾಡುವ ಶೆಲ್ ಹಾಕುವಾಗ ಎರರ್ ಆಗಿ ಎದ್ದು ಬರುತ್ತದೆ. ಆ ಜಾಗದ ಸರ್ಫೇಸ್ ಅಳಿಸಿ ಪ್ಯಾಚ್ (ತೂತು ಮುಚ್ಚುವ ಕಮಾಂಡ್) ಅಥವಾ ಲಾಫ್ಟ್‌ನಲ್ಲಿ (ಅಂಚಿನಿಂದ ಅಂಚಿಗೆ ಸರ್ಫೇಸ್ ಹೊದಿಸುವ ಕಮಾಂಡ್) ಹೊಸದಾಗಿ ಕಟ್ಟುವುದೇ ವಾಸಿ. ಎಲ್ಲ ಮುಚ್ಚಿಕೊಂಡರೆ ಸ್ಟಿಚ್ ತಾನಾಗೇ ಸಾಲಿಡ್ ಕೊಡುತ್ತದೆ.

ಆಮೇಲೆ ಶೆಲ್. ಯಾವ ಫೇಸನ್ನೂ ಆರಿಸದೆ ಇಡೀ ಬಾಡಿಯನ್ನೇ ಆರಿಸಿ, ಒಳಗೆ ಟೊಳ್ಳಾಗುತ್ತದೆ. 2 ಮಿಮೀ ದಪ್ಪಕ್ಕೆ ಶೆಲ್ ಒಪ್ಪದಿದ್ದರೆ ಹೊರಗಿನ ಸಣ್ಣ ಫಿಲೆಟ್‌ಗಳನ್ನು (ದುಂಡಗೆ ಮಾಡಿದ ಅಂಚುಗಳನ್ನು) ನೋಡಿ. 1.5 ಮಿಮೀ ರೇಡಿಯಸ್ ಇರುವ ಮೂಲೆಯಿಂದ 2 ಮಿಮೀ ಒಳಗೆ ಹೋದರೆ ಆ ರೇಡಿಯಸ್ಸೇ ಉಳಿಯುವುದಿಲ್ಲ, ಜಾಸ್ತಿ ಸಲ ಕೈಕೊಡುವುದು ಅಲ್ಲೇ.

ಈಗ ಬಾಡಿಯನ್ನು ಕತ್ತರಿಸುವ ಸ್ಪ್ಲಿಟ್ ಬಾಡಿ. ಕತ್ತರಿಸೋಕೆ ಬಳಸುವ ಪಾರ್ಟಿಂಗ್ ಸರ್ಫೇಸ್ ಮಾಡೆಲ್‌ಗಿಂತ ನಾಲ್ಕೂ ಕಡೆ ಆಚೆ ಚಾಚಿರಲಿ. ಎರಡೂ ಕವರ್‌ಗಳ ಅಂಚು ಒಂದೇ ಸರ್ಫೇಸಿನಲ್ಲಿ ಕತ್ತರಿಸಿದ್ದರಿಂದ ಸರಿಯಾಗಿ ಕೂರುತ್ತವೆ. ಮೇಲೆ ಕೆಳಗೆ ಬೇರೆ ಬೇರೆ ದಪ್ಪ ಬೇಕಿದ್ದರೆ ಮಾತ್ರ ಮೊದಲು ಸ್ಪ್ಲಿಟ್, ಆಮೇಲೆ ಕತ್ತರಿಸಿದ ಫೇಸ್ ಆರಿಸಿ ಒಂದೊಂದಕ್ಕೂ ಶೆಲ್, ಅದೂ ನಡೆಯುತ್ತದೆ.

ಬ್ಯಾಟರಿ ಡೋರ್ ಕೂಡ ಹೀಗೇ: ಔಟ್‌ಲೈನ್ ಬರೆದು, ಸರ್ಫೇಸ್ ಆಗಿ ಎಕ್ಸ್‌ಟ್ರೂಡ್ ಮಾಡಿ (ನೇರಕ್ಕೆ ಎಳೆದು ಗೋಡೆಯಾಗಿಸಿ), ಅದರಲ್ಲೇ ಕೆಳಗಿನ ಕವರನ್ನು ಸ್ಪ್ಲಿಟ್ ಮಾಡಿ. ಸ್ಪ್ಲಿಟ್ ಯಾವತ್ತೂ ಸೊನ್ನೆ ಗ್ಯಾಪ್ ಕೊಡುತ್ತದೆ, ಹಾಗೇ ಪ್ರಿಂಟ್ ಹಾಕಿದರೆ ಡೋರ್ ಒಳಗೆ ಹೋಗಲ್ಲ. ಪ್ರೆಸ್ ಪುಲ್‌ನಲ್ಲಿ ಡೋರ್‌ನ ಪಕ್ಕದ ಫೇಸ್‌ಗಳನ್ನು ಒಳಗೆ ತಳ್ಳಿ. ನನ್ನ ಪ್ರಿಂಟರ್‌ಗೆ 0.2 ಮಿಮೀ ಸಾಕು, ನಿಮ್ಮದಕ್ಕೆ ಎಷ್ಟು ಬೇಕು ಅಂತ ಡೋರ್ ಇರುವ ಜಾಗದ್ದಷ್ಟೇ ಒಂದು ತುಂಡು ಪ್ರಿಂಟ್ ಹಾಕಿ ನೋಡಿಕೊಳ್ಳಿ.